ಇಂಗ್ಲಿಷ್ ವಾಕ್ಯದಲ್ಲಿ ಸರ್ವನಾಮದ ಸ್ಥಾನ

ಇಂಗ್ಲಿಷ್ ಕಲಿಯುವ ಕನ್ನಡ ವಿದ್ಯಾರ್ಥಿ ಮಾಡುವ ತಪ್ಪುಗಳಲ್ಲಿ ಕೆಲವು ಅಜ್ಞಾನದಿಂದ ಹುಟ್ಟಿದವು. ಮತ್ತೆ ಕೆಲವು, ತನ್ನ ನುಡಿಯನ್ನು ಚೆನ್ನಾಗಿ ಬಲ್ಲದ್ದರಿಂದಲೇ ಹುಟ್ಟಿದವು. ಮೊದಲನೆಯವನ್ನು ತಿದ್ದುವುದು ಸುಲಭ. ಎರಡನೆಯವನ್ನು ತಿದ್ದಬೇಕಾದರೆ ತಿದ್ದುವವರಿಗೆ ಎರಡು ನುಡಿಗಳ ನಡೆಯೂ ತಿಳಿದಿರಬೇಕು. ನಮ್ಮ ತರಗತಿಗಳಲ್ಲಿ ಈ ಎರಡು ಬಗೆಯ ತಪ್ಪುಗಳಿಗೂ ಒಂದೇ ಕೆಂಪು ಗೆರೆ ಎಳೆದು ಮುಂದೆ ಸಾಗುವುದು ವಾಡಿಕೆ. ಕ್ರಿಯಾವಿಶೇಷಣ, ಕ್ರಿಯಾಪದ, ಸರ್ವನಾಮ ಈ ಮೂರೂ ಇಂಗ್ಲಿಷ್ ವಾಕ್ಯದಲ್ಲಿ ಕೂಡಿಕೊಳ್ಳುವ ರೀತಿಯನ್ನು ನೋಡಿದರೆ, ಈ ವಾಡಿಕೆಯಿಂದ ಆಗುವ ನಷ್ಟ ಎಷ್ಟೆಂಬುದು ತಿಳಿಯುತ್ತದೆ.

‘ಟರ್ನ್ ಆಫ್ ದಿ ಲೈಟ್’ ಎನ್ನಬಹುದು. ‘ಟರ್ನ್ ದಿ ಲೈಟ್ ಆಫ್’ ಎಂದರೂ ಸರಿಯೆ. ಆದರೆ ‘ಲೈಟ್’ ಎಂಬ ನಾಮಪದದ ಬದಲು ‘ಇಟ್’ ಎಂಬ ಸರ್ವನಾಮ ಬಂದೊಡನೆ ಈ ಸ್ವಾತಂತ್ರ್ಯ ಮುಗಿಯಿತು. ಆಗ ‘ಟರ್ನ್ ಇಟ್ ಆಫ್’ ಎಂದೇ ಹೇಳಬೇಕು; ‘ಟರ್ನ್ ಆಫ್ ಇಟ್’ ಎಂಬುದು ಆ ನುಡಿಯವರ ಕಿವಿಗೆ ಒಗ್ಗದು. ‘ಪುಟ್ ಇಟ್ ಆನ್’, ‘ಥ್ರೋ ಹಿಮ್ ಔಟ್’ ಮುಂತಾದುವಕ್ಕೂ ಇದೇ ಕಟ್ಟು. ಹಾಗೆಂದು ‘ಲುಕ್ ಆಫ್ಟರ್ ಹಿಮ್’ ಎಂಬುದನ್ನು ‘ಲುಕ್ ಹಿಮ್ ಆಫ್ಟರ್’ ಎಂದು ಬದಲಿಸುವಂತಿಲ್ಲ. ಏಕೆಂದರೆ ಅಲ್ಲಿ ‘ಆಫ್ಟರ್’ ಕ್ರಿಯಾವಿಶೇಷಣವಲ್ಲ, ಪ್ರಿಪೊಸಿಷನ್. ನಮ್ಮ ವಿಭಕ್ತಿ ಪ್ರತ್ಯಯ ಪದದ ಕೊನೆಗೆ ಸೇರಿ ಮಾಡುವಂಥ ಕೆಲಸವನ್ನು ಅದು ಪದದ ಮೊದಲಿಗೆ ನಿಂತು ಮಾಡುತ್ತದೆ. ಒಂದೇ ಶಬ್ದ ಎರಡು ವೇಷವನ್ನೂ ಹಾಕಬಲ್ಲದು. ‘ರ‍್ಯಾನ್ ಅಪ್ ದಿ ಹಿಲ್’ ಎಂದರೆ ಗುಡ್ಡವನ್ನು ಓಡುತ್ತ ಹತ್ತಿದನೆಂದು; ‘ರ‍್ಯಾನ್ ಅಪ್ ಎ ಬಿಲ್’ ಎಂದರೆ ಅಂಗಡಿಯಲ್ಲಿ ಬಾಕಿ ಬೆಳೆಸಿದನೆಂದು. ನೋಟಕ್ಕೆ ಎರಡೂ ಒಂದೇ. ಸರ್ವನಾಮವನ್ನು ಇಟ್ಟು ನೋಡಿ: ಗುಡ್ಡವಾದರೆ ‘ರ‍್ಯಾನ್ ಅಪ್ ಇಟ್’, ಬಾಕಿಯಾದರೆ ‘ರ‍್ಯಾನ್ ಇಟ್ ಅಪ್’. ಕಣ್ಣಿಗೆ ಕಾಣದ ಭೇದವನ್ನು ತೋರಿಸಿಕೊಡುವ ಒರೆಗಲ್ಲು ಈ ಪುಟ್ಟ ಸರ್ವನಾಮ.

ಕರ್ಮಪದಕ್ಕೆ ಮಾತ್ರ ಈ ಕಟ್ಟಳೆಯೆಂದಲ್ಲ. ‘ಹಿಯರ್ ಕಮ್ಸ್ ದಿ ಬಸ್’ ಎಂಬಲ್ಲಿ ಕ್ರಿಯಾವಿಶೇಷಣ ಮೊದಲು, ಕ್ರಿಯಾಪದ ಆಮೇಲೆ, ಕರ್ತೃ ಕೊನೆಗೆ. ಕರ್ತೃ ಸರ್ವನಾಮವಾದರೆ ‘ಹಿಯರ್ ಇಟ್ ಕಮ್ಸ್’. ಸರ್ವನಾಮ ಮತ್ತೆ ನಡುವೆ ಬಂದು ಕುಳಿತಿತು. ಎರಡು ನಿಯಮಗಳಂತೆ ತೋರುವ ಇವುಗಳ ಹಿಂದೆ ಇರುವ ಕಾರಣ ಒಂದೇ. ಇಂಗ್ಲಿಷ್ ವಾಕ್ಯದಲ್ಲಿ ಕೊನೆಯ ಸ್ಥಾನ ಸಾಮಾನ್ಯವಾಗಿ ಹೊಸ ಸಂಗತಿಗೆ ಮೀಸಲು. ದನಿಯ ಒತ್ತು ಬೀಳುವುದು ಅಲ್ಲಿ. ಸರ್ವನಾಮವಾದರೋ ಆಗಲೇ ತಿಳಿದಿರುವುದರ ಗುರುತು. ಅದಕ್ಕೆ ಒತ್ತೂ ಇಲ್ಲ, ಒಂಟಿಯಾಗಿ ಕೊನೆಯಲ್ಲಿ ನಿಲ್ಲುವ ತ್ರಾಣವೂ ಇಲ್ಲ. ಕ್ರಿಯಾಪದದ ಮೈಗೆ ಒರಗಿ ನಿಲ್ಲುತ್ತದೆ. ಇದು ನಿನ್ನೆ ಮೊನ್ನೆಯ ಅಭ್ಯಾಸವಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿಯೂ ವಾಕ್ಯದ ಮೊದಲಿಗೆ ಬೇರೊಂದು ಪದ ಬಂದಾಗ ನಾಮಪದವಾದ ಕರ್ತೃ ಕ್ರಿಯಾಪದದ ಆಚೆಗೆ ಸರಿಯುತ್ತಿತ್ತು, ಸರ್ವನಾಮ ಬಹುಮಟ್ಟಿಗೆ ಈಚೆಗೇ ಉಳಿಯುತ್ತಿತ್ತು. ಸೋದರ ಭಾಷೆಯಾದ ಜರ್ಮನ್ ಈ ಭೇದವನ್ನು ಎಣಿಸುವುದಿಲ್ಲ. ಇಂಗ್ಲಿಷಿನಲ್ಲಿಯೂ ‘ನೆವರ್’ ಮೊದಲಿಗೆ ಬಂದರೆ ‘ನೆವರ್ ಹ್ಯಾವ್ ಐ ಸೀನ್’ ಎಂದು ಸರ್ವನಾಮವೇ ಸಹಾಯಕ ಕ್ರಿಯಾಪದಕ್ಕೆ ಎಡೆಬಿಟ್ಟು ಹಿಂದೆ ಸರಿಯುವುದುಂಟು. ಒಂದು ಕಾರಣದಿಂದ ಎಲ್ಲ ವಾಕ್ಯಗಳ ಬೀಗವೂ ತೆರೆಯದು. ತೆರೆಯುವವು ಮಾತ್ರ ಬಹಳ.

ಇನ್ನು ನಮ್ಮ ವಿದ್ಯಾರ್ಥಿಯ ತಪ್ಪಿಗೆ ಬರೋಣ. ಅವನು ‘ಥ್ರೂ ಔಟ್ ಹಿಮ್’ ಎಂದು ಬರೆಯುವುದೇಕೆ? ಕನ್ನಡದಲ್ಲಿಯೂ ಇಂಥ ಜೋಡಿಪದಗಳು ಹೇರಳವಾಗಿವೆ: ಹೊರಹಾಕು, ಹಿಂತೆಗೆ, ಮೇಲೇಳು, ಒಳನುಗ್ಗು. ಪ್ರೌಢಶಾಲೆಯಲ್ಲಿ ಕ್ರಿಯಾಸಮಾಸವೆಂದು ಓದುವ ‘ಕೈಮುಗಿ’, ‘ಕಣ್ದೆರೆ’ಗಳ ನೆರೆಯವರು ಇವು. ‘ಅವನನ್ನು ಹೊರಹಾಕಿದರು’ ಎಂಬಲ್ಲಿ ‘ಹೊರ’ಕ್ಕೂ ‘ಹಾಕು’ವಿಗೂ ನಡುವೆ ಯಾವ ಪದಕ್ಕೂ ಪ್ರವೇಶವಿಲ್ಲ, ‘ಹೊರ ಅವನನ್ನು ಹಾಕಿದರು’ ಎನ್ನುವ ಕನ್ನಡಿಗನಿಲ್ಲ. ಕೂಡಿದ್ದನ್ನು ಬಿಡಿಸಬಾರದೆಂಬ ಈ ಅರಿವನ್ನು ಅವನು ತಾಯ ಮಡಿಲಲ್ಲೇ ಪಡೆದಿದ್ದಾನೆ. ‘ಥ್ರೋ ಔಟ್’ ಎಂಬುದು ಒಂದೇ ಅರ್ಥದ ಜೋಡಿಯೆಂದು ಗುರುತಿಸಿದ್ದಾನೆ. ಆದುದರಿಂದ ಅದನ್ನು ಸೀಳಲು ಅವನ ಮನಸ್ಸು ಒಪ್ಪುವುದಿಲ್ಲ. ಅವನ ತರ್ಕ ನಿರ್ದುಷ್ಟ. ನುಡಿ ಮಾತ್ರ ಬೇರೆ. ಇಷ್ಟನ್ನು ಅವನಿಗೆ ಹೇಳಿದರೆ ತಪ್ಪು ತಾನಾಗಿ ಕಾಣುತ್ತದೆ. ಹೇಳದೆ ಕೆಂಪು ಗೆರೆ ಎಳೆದರೆ ತನಗೆ ಬುದ್ಧಿ ಸಾಲದೆಂದು ನಂಬುತ್ತಾನೆ. ಆಮೇಲೆ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಜಾಣ ಹುಡುಗರ ಮೌನದ ಮೂಲ ಇಲ್ಲಿದೆ.

ತಿಳಿದ ಸಂಗತಿಯನ್ನು ಕನ್ನಡ ಹೇಗೆ ನಡೆಸಿಕೊಳ್ಳುತ್ತದೆ? ಬಹಳ ಸಲ ಅದನ್ನು ಹೇಳುವುದೇ ಇಲ್ಲ. ‘ದೀಪ ಆರಿಸಿದೆಯಾ?’ ಎಂದರೆ ‘ಆರಿಸಿದೆ’ ಎಂಬುದು ಪೂರ್ಣ ಉತ್ತರ. ಅದನ್ನೇ ಇಂಗ್ಲಿಷಿನಲ್ಲಿ ಪೂರ್ತಿಯಾಗಿ ಹೇಳಲು ‘ಐ ಟರ್ನ್ಡ್ ಇಟ್ ಆಫ್’ ಎಂದು ನಾಲ್ಕು ಪದ ಬೇಕು. ‘ಬಂದನು, ಬಂದಳು, ಬಂದರು’ ಎಂಬ ರೂಪಗಳ ಪಕ್ಕದಲ್ಲಿ ‘ಅವನು, ಅವಳು, ಅವರು’ ಎಂಬುವನ್ನು ಇಟ್ಟು ನೋಡಿದರೆ ಸರ್ವನಾಮವೇ ಕ್ರಿಯಾಪದದಲ್ಲಿ ಕರಗಿ ಪ್ರತ್ಯಯವಾಗಿ ನಿಂತಂತಿದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟದ್ದು ನಿಷ್ಕಾರಣವಲ್ಲ. ಇಂಗ್ಲಿಷಿನ ಸರ್ವನಾಮ ಕ್ರಿಯಾಪದಕ್ಕೆ ಒರಗಿದರೆ ಕನ್ನಡದ್ದು ಅದರೊಳಗೇ ಹೊಕ್ಕಿತು. ಗುಣ ಒಂದೇ, ಗತಿ ಬೇರೆ.

ಇದನ್ನು ಮರೆತರೆ ಕೆಡುವುದು ಇಂಗ್ಲಿಷೊಂದೇ ಅಲ್ಲ. ‘ಅವನು ತನ್ನ ಕೋಟನ್ನು ತೆಗೆದನು ಮತ್ತು ಅವನು ಅದನ್ನು ಗೂಟಕ್ಕೆ ನೇತುಹಾಕಿದನು’ ಎಂಬಂಥ ವಾಕ್ಯಗಳು ಅನುವಾದಗಳಲ್ಲಿ ಎಡವಿದಲ್ಲೆಲ್ಲ ಸಿಗುತ್ತವೆ. ‘ಕೋಟು ತೆಗೆದು ಗೂಟಕ್ಕೆ ನೇತುಹಾಕಿದನು’ ಎಂದರೆ ಏನು ಕಡಿಮೆಯಾಯಿತು? ಇಂಗ್ಲಿಷಿನಲ್ಲಿ ಅನಿವಾರ್ಯವಾದ ಸರ್ವನಾಮ ಕನ್ನಡದಲ್ಲಿ ಕರೆಯದೆ ಬಂದ ಅತಿಥಿ.

ಹಾಗಾದರೆ ಕಲಿಸುವ ಬಗೆ ಯಾವುದು? ನಮ್ಮ ಶಾಲೆಗಳಲ್ಲಿ ಬಹುಕಾಲ ರೂಢಿಯಲ್ಲಿದ್ದುದು ಪದಗಳಿಗೆ ಹೆಸರಿಡುವ ವ್ಯಾಕರಣ. ‘ಆಫ್’ ಕ್ರಿಯಾವಿಶೇಷಣವೆಂದು ಗುರುತಿಸಿದರೆ ಅಂಕ ಬಂತು, ಅದು ಎಲ್ಲಿ ನಿಲ್ಲಬೇಕೆಂಬುದು ಯಾರ ಪ್ರಶ್ನೆಯೂ ಅಲ್ಲ. 1924ರಲ್ಲಿ ಜಪಾನಿಗೆ ಹೋಗಿ ಇಂಗ್ಲಿಷ್ ಕಲಿಸಿದ ಎ. ಎಸ್. ಹಾರ್ನ್‌ಬಿ ಪರಭಾಷಿಕರ ತೊಡಕನ್ನು ಕಣ್ಣಾರೆ ಕಂಡವರು. ಅವರು 1954ರಲ್ಲಿ ಹೊರತಂದ ಕೈಪಿಡಿಯಲ್ಲಿ ಕ್ರಿಯಾಪದಗಳ ಬಳಕೆಯನ್ನು 25 ಮಾದರಿಗಳಾಗಿ ವಿಂಗಡಿಸಿದರು. ಪದದ ಹೆಸರಿಗಿಂತ ವಾಕ್ಯದ ಕಟ್ಟು ಮುಖ್ಯವೆಂಬ ಈ ವಿಚಾರ ನಮ್ಮ ದೇಶಕ್ಕೂ ಬಂತು. ಬಂದದ್ದು ಒಳ್ಳೆಯದೆ. ಆದರೆ ಮಾದರಿಗಳನ್ನು ಕಾರಣವಿಲ್ಲದೆ ಉರುಹೊಡೆಸಿದಾಗ, ಕಲಿಸುವಾಗ ಮಾತೃಭಾಷೆಯ ಸೊಲ್ಲೆತ್ತಬಾರದೆಂಬ ಮಡಿಯೂ ಅದರ ಜೊತೆ ಸೇರಿದಾಗ, ವಿದ್ಯಾರ್ಥಿಗೆ ಸಿಕ್ಕಿದ್ದು ಗಿಣಿಪಾಠ.

ಕಾರಣ ತಿಳಿದ ಮಾತ್ರಕ್ಕೆ ಮಾತು ಬರುವುದೆ, ಅಭ್ಯಾಸ ಬೇಡವೆ, ಎಂದು ಅನುಭವಿ ಅಧ್ಯಾಪಕರು ಕೇಳಬಹುದು. ಅಭ್ಯಾಸ ಬೇಕು, ಬಹಳ ಬೇಕು. ಆದರೆ ನಾಲಗೆ ಪಳಗುವ ಮೊದಲು ಮನಸ್ಸು ಒಪ್ಪಬೇಕು; ಕಾರಣ ಕಂಡ ಮನಸ್ಸು ಬೇಗ ಒಪ್ಪುತ್ತದೆ. ಕನ್ನಡ ಪಾಠ ಹೇಳುವವನಿಗೆ ಇಂಗ್ಲಿಷಿನ ಗೊಡವೆ ಏಕೆಂದೂ ಕೆಲವರು ಕೇಳಿಯಾರು. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ಕೆಲಸ ಮಾಡಿದ ನಾಡು ಇದು. ಇಂದು ಒಂದೇ ಕಾಲೇಜಿನ ಎರಡು ವಿಭಾಗಗಳ ನಡುವೆ ಗೋಡೆ ಎದ್ದಿದೆ. ಇಂಗ್ಲಿಷಿನವರು ಕ್ರಿಯಾಸಮಾಸವನ್ನು ಕೇಳಿಲ್ಲ, ಕನ್ನಡದವರು ‘ಟರ್ನ್ ಇಟ್ ಆಫ್’ ತಮ್ಮದಲ್ಲವೆಂದು ಬಿಟ್ಟಿದ್ದಾರೆ. ಇಬ್ಬರೂ ವಾರಕ್ಕೊಂದು ಗಂಟೆ ಒಂದೇ ಕರಿಹಲಗೆಯ ಮುಂದೆ ನಿಂತು, ಎರಡು ನುಡಿಗಳ ವಾಕ್ಯಗಳನ್ನು ಅಕ್ಕಪಕ್ಕ ಬರೆದು ತೋರಿಸಲಿ. ಅದಕ್ಕೆ ಹೊಸ ಹಣವೂ ಬೇಡ, ಹೊಸ ಪಠ್ಯವೂ ಬೇಡ. ಎದುರಿಗೆ ಕುಳಿತ ವಿದ್ಯಾರ್ಥಿ ಎರಡು ನುಡಿಗಳನ್ನೂ ಒಂದೇ ತಲೆಯಲ್ಲಿ ಹೊತ್ತುಕೊಂಡೇ ಬಂದಿರುತ್ತಾನೆ.