ಕೂಸಿನ ಸೋಪಿನಲ್ಲಿ ಏನಿದೆ? ಕನ್ನಡದಲ್ಲಿ ಹೇಳಿ!

ಅಮೀನಗಡ ಮತ್ತು ಸುತ್ತಲಿನ ಊರುಗಳ ತಾಯಂದಿರೇ, ಆಯಿಗಳೇ, ಅಂಗಡಿಯ ಅಣ್ಣಂದಿರೇ,

ಕೂಸು ಹುಟ್ಟಿದ ಮನೆಗೆ ಬೇಬಿ ಸೋಪು, ಶಾಂಪೂಗಳ ಡಬ್ಬಿ ಕೊಡುವುದು ಈಗ ರೂಢಿಯಾಗಿದೆ. ಡಬ್ಬಿಯ ಮುಂದೆ ನಗುವ ಮಗುವಿನ ಚಿತ್ರ. ಒಳಗೇನಿದೆ ಎಂಬ ಪಟ್ಟಿ ಹಿಂದೆ, ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಆ ಪಟ್ಟಿ ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಬರಬೇಕು. ಇದು ನಮ್ಮ ಬೇಡಿಕೆ.

ಕೂಸಿನ ಚರ್ಮ ತೆಳು, ಬೇಗ ಒಣಗುತ್ತದೆ. ಆರೋಗ್ಯವಾದ ಚರ್ಮದ ಪಿಎಚ್ ಸುಮಾರು 5.5, ಅಂದರೆ ತುಸು ಆಮ್ಲ. ಮಾಮೂಲಿ ಸೋಪಿನದು 9ರಿಂದ 10. ‘ಬೇಬಿ’ ಎಂದು ಬರೆದ ಮಾತ್ರಕ್ಕೆ ಸೋಪಿನ ಕ್ಷಾರ ಹೋಗುವುದಿಲ್ಲ. ನೊರೆಗೆಂದು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮದ ಜಿಡ್ಡನ್ನೇ ತೆಗೆದುಬಿಡುತ್ತದೆ. ‘ಕಣ್ಣು ಉರಿಯುವುದಿಲ್ಲ’ ಎಂಬ ಮಾತು ಕಣ್ಣಿಗಷ್ಟೇ ಸಂಬಂಧಿಸಿದ್ದು.

ಪಟ್ಟಿ ಓದಿದರೆ ಏನಾಗುತ್ತದೆ, ನೋಡಿ. 2011ರಲ್ಲಿ ಅಮೆರಿಕದ ಗ್ರಾಹಕ ಹೋರಾಟಗಾರರು 13 ದೇಶಗಳ ಜಾನ್ಸನ್ಸ್ ಬೇಬಿ ಶಾಂಪೂ ಬಾಟಲಿಗಳ ಪಟ್ಟಿ ತೆಗೆದು ಓದಿದರು. ಕೆಡದಂತೆ ಹಾಕುವ, ಫಾರ್ಮಾಲ್ಡಿಹೈಡ್ ಬಿಡುವ ಕ್ವಾಟರ್ನಿಯಂ-15 ಅಮೆರಿಕ, ಚೀನಾಗಳಲ್ಲಿತ್ತು. ಬ್ರಿಟನ್, ಸ್ವೀಡನ್‌ಗಳಲ್ಲಿ ಇರಲಿಲ್ಲ. ಕಂಪನಿ ಒಂದೇ, ಶಾಂಪೂ ಒಂದೇ! ಸುರಕ್ಷಿತವೇ ಇದೆ ಎಂದು ವಾದಿಸಿದ ಕಂಪನಿಯೇ 2014ರ ಹೊತ್ತಿಗೆ ಅದನ್ನು ಕೈಬಿಟ್ಟಿತು.

ನಮ್ಮಲ್ಲಿ ಸವಳು ನೀರಿನ ಕಷ್ಟವೂ ಸೇರಿಕೊಳ್ಳುತ್ತದೆ. ಬೋರಿನ ನೀರಿನಲ್ಲಿ ನೊರೆ ಬರುವುದಿಲ್ಲ, ಬರಲಿಲ್ಲವೆಂದು ಇನ್ನಷ್ಟು ಸೋಪು ತಿಕ್ಕುತ್ತೇವೆ. ಅದರ ಅಂಟು ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದಿಯಲ್ಲಿ ಉಳಿದು ಚರ್ಮ ಕೆಂಪಾಗುತ್ತದೆ. ಆಯಿ ಕಾಲು ಚಾಚಿ ಕೂತು, ಕೂಸನ್ನು ಮೇಲೆ ಮಲಗಿಸಿಕೊಂಡು, ಬೆರಳಿನಿಂದ ಒಂದೊಂದೇ ಮಡಿಕೆ ಬಿಡಿಸಿ ನೀರು ಎರೆಯುತ್ತಾಳಲ್ಲ, ಅದು ಬಲು ಒಳ್ಳೆಯ ಪದ್ಧತಿ. ಕಡ್ಲಿಹಿಟ್ಟು ಹಚ್ಚಿ ಉಜ್ಜುವುದು ಮಾತ್ರ ಬೇಡ, ಎಳೆ ಚರ್ಮ ತರಚುತ್ತದೆ. ಹುಟ್ಟಿದ ಮೊದಲ 24 ಗಂಟೆ ಸ್ನಾನವೇ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಮೇಲೂ ಕೆಲವು ವಾರ ಉಗುರುಬೆಚ್ಚಗಿನ ನೀರು ಸಾಕು. ಬೇಕೇ ಬೇಕೆಂದರೆ ಪರಿಮಳವಿಲ್ಲದ, ಡೆಸಿಲ್ ಗ್ಲೂಕೋಸೈಡ್‌ನಂಥ ಸೌಮ್ಯ ಪದಾರ್ಥದ ದ್ರವ, ಅದೂ ಕೆಲವೇ ಹನಿ.

2020ರ ಸೌಂದರ್ಯವರ್ಧಕ ನಿಯಮಗಳಂತೆ ಪದಾರ್ಥಗಳ ಪಟ್ಟಿ ಕಡ್ಡಾಯ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಪದಾರ್ಥಗಳ ಪಟ್ಟಿಗೂ, ಹೊರರಾಜ್ಯದಿಂದ ಬರುವ ಬೇಬಿ ಸಾಮಾನಿಗೂ ಸರಕಾರ ಇದನ್ನು ವಿಸ್ತರಿಸಲಿ. ನಮ್ಮ ಕರದಂಟಿನಲ್ಲಿ ಅಂಟು ಎಷ್ಟು, ಬೆಲ್ಲ ಎಂಥದ್ದು ಎಂದು ಕೇಳಿ ಕೊಳ್ಳುವ ನಾವು ಕೂಸಿನ ಮೈಗೆ ಹಚ್ಚುವುದನ್ನು ಕೇಳದೆ ತರಬೇಕೇ?

ಅಂಗಡಿಯ ಅಣ್ಣಂದಿರೇ, ಪಟ್ಟಿಯಿಲ್ಲದ ಬಾಟಲಿ ಮಾರಬೇಡಿ. ತಾಯಂದಿರೇ, ಕೂಸಿನ ಮೈ ಕೆಂಪಾದರೆ ಸೋಪು ನಿಲ್ಲಿಸಿ; ದವಾಖಾನೆಗೆ ಹೋಗುವಾಗ ಆ ಬಾಟಲಿಯನ್ನೂ ಒಯ್ಯಿರಿ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.