ಹತ್ತು ಗಂಟೆ ಹೂವಿನ ಪರವಾಗಿ

ಅಂಗಳವೆಂದರೆ ಹಸುರು ಹುಲ್ಲುಹಾಸೇ ಆಗಬೇಕೆಂಬ ಮೋಹ ನಮ್ಮ ನಗರಕ್ಕೆ ಸಲ್ಲದು. ಕೃಷ್ಣೆಯ ನೀರು ನಾಗಾರ್ಜುನಸಾಗರದಿಂದ 100 ಕಿಲೋಮೀಟರಿಗೂ ಮಿಕ್ಕ ದಾರಿ ಕ್ರಮಿಸಿ ಹೈದರಾಬಾದಿನ ನಲ್ಲಿಗಳಿಗೆ ಬರುತ್ತದೆ. ಕನ್ನಡನಾಡನ್ನು ಹಾದು ಬಂದ ಆ ನೀರನ್ನು ವೈಶಾಖದ ಬಿಸಿಲಿನಲ್ಲಿ ಹುಲ್ಲಿಗೆ ಸುರಿಯುವುದು ವಿವೇಕವೇ?

ದಿಲ್‌ಸುಖ್‌ನಗರದ ಮಾಳಿಗೆಗಳಿಗೂ ಶಾಲೆಯ ಅಂಗಳಗಳಿಗೂ ಒಪ್ಪುವುದು ಹತ್ತು ಗಂಟೆ ಹೂವು. ತೆಲುಗು ನೆರೆಯವರು ಇದನ್ನು ಗಡ್ಡಿ ಗುಲಾಬಿ ಎನ್ನುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ನಮ್ಮ ಗೋಣಿಸೊಪ್ಪಿನ ಸಮೀಪ ಬಂಧು. ದಪ್ಪನೆಯ ಎಲೆಗಳಲ್ಲಿಯೂ ಕಾಂಡದಲ್ಲಿಯೂ ನೀರನ್ನು ಕೂಡಿಟ್ಟುಕೊಂಡು ನೆಲದ ಮೇಲೆ ಹರಡುತ್ತದೆ. ಬಿಸಿಲೇರಿದಂತೆ ಅರಳುತ್ತದೆ, ಮಧ್ಯಾಹ್ನ ಕಳೆದರೆ ಮುದುಡುತ್ತದೆ. ಮರಳು ಬೆರೆಸಿದ ಮಣ್ಣಿನಲ್ಲಿ 2 ಅಂಗುಲದ ತುಂಡನ್ನು ನೆಟ್ಟರೆ ಬೇರೂರುತ್ತದೆ. ಅತಿಯಾದ ನೀರೇ ಇದರ ಶತ್ರು. ಮಳೆಗಾಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದುದರಿಂದ ಮಡಿಯನ್ನು ಎತ್ತರಿಸಬೇಕು.

ಇದು ತುಳಿತವನ್ನು ತಾಳದು, ಆಟದ ಬಯಲಿಗೆ ಒದಗದು, ನಿಜ. ಆದರೆ ಹುಲ್ಲುಹಾಸಿಗೂ ‘ತುಳಿಯಬಾರದು’ ಎಂಬ ಫಲಕವನ್ನೇ ನೆಡುತ್ತೇವಲ್ಲವೆ? ನೋಟಕ್ಕಷ್ಟೇ ಇರುವ ಹಸುರಿಗೆ ಅಷ್ಟು ನೀರೇಕೆ?

ವಿದ್ಯಾರ್ಥಿಮಿತ್ರರೇ, ಒಬ್ಬೊಬ್ಬರೂ ಒಂದೊಂದು ತುಂಡನ್ನು ತಂದು ನೆಡೋಣ. ಬೇಸಗೆಯಲ್ಲಿ ಟ್ಯಾಂಕರಿಗಾಗಿ ಜನ ಕಾಯುವ ಊರಿನಲ್ಲಿ ನೀರುಳಿಸಿ ಹೂ ಬೆಳೆಯುವುದೇ ನಾಗರಿಕತನವೆಂದು ನಾವು ನಂಬಿದ್ದೇವೆ.