ವಿಚ್ಛೇದನವೂ ಛಾಪಾಕಾಗದವೂ

ಪತಿಪತ್ನಿಯರು ಛಾಪಾಕಾಗದದ ಮೇಲೆ ರುಜು ಹಾಕಿ, ಇಬ್ಬರು ಸಾಕ್ಷಿಗಳ ಹೆಸರು ಬರೆಯಿಸಿ, ನೋಟರಿಯವರ ಮುದ್ರೆಯನ್ನು ಒತ್ತಿಸಿಕೊಂಡೊಡನೆ ವಿವಾಹವು ಮುರಿದುಹೋಯಿತೆಂಬ ನಂಬಿಕೆಯು ನಮ್ಮ ನಾಡಿನಲ್ಲಿ ಇನ್ನೂ ಬೇರುಬಿಟ್ಟಿರುವುದು ವಿಷಾದದ ಸಂಗತಿ. ಹಳ್ಳಿಯವರು ಮಾತ್ರವೇ ಹೀಗೆ ನಂಬಿರುವರೆಂದಲ್ಲ. ಕಚೇರಿಯ ಕಾಗದಪತ್ರಗಳ ನಡುವೆಯೇ ಆಯುಷ್ಯ ಕಳೆದವರು ಕೂಡ ತಮ್ಮ ಮನೆಯ ಹೆಣ್ಣುಮಗಳ ವಿಷಯ ಬಂದಾಗ ಪಂಚರನ್ನು ಕರೆಯಿಸಿ, ‘ಬಿಡುಗಡೆ ಪತ್ರ’ವೊಂದನ್ನು ಬರೆಯಿಸಿಕೊಂಡು ನಿಶ್ಚಿಂತರಾಗುವುದುಂಟು. ಆ ನಿಶ್ಚಿಂತೆಯ ಬೆಲೆಯನ್ನು ತೆರುವವಳು ಬಹುಮಟ್ಟಿಗೆ ಸ್ತ್ರೀಯೇ. ಆದುದರಿಂದ ಶಾಸನವು ಏನು ಹೇಳುವುದೆಂಬುದನ್ನು ವಾಚಕರ ಮುಂದಿಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ವಿಚ್ಛೇದನವು ಹಿಂದೂ ಸಮಾಜಕ್ಕೆ ಹೊರಗಿನಿಂದ ಬಂದ ಪಿಡುಗೆಂದು ಆಕ್ಷೇಪಿಸುವವರಿದ್ದಾರೆ. ಈ ಮಾತು ನಮ್ಮ ನಾಡಿನ ಆಚಾರವನ್ನೇ ಅರಿಯದ ಮಾತು. ಸೋಡಚೀಟಿಯೂ ಉಡಿಕೆಯೂ ಇಲ್ಲಿಯ ಅನೇಕ ಜಾತಿಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಬರೋಡೆಯ ಸಂಸ್ಥಾನವು 1931ರಲ್ಲಿಯೇ ಹಿಂದೂಗಳಿಗಾಗಿ ವಿಚ್ಛೇದನದ ಶಾಸನವನ್ನು ಮಾಡಿತು. ಮುಂಬಯಿ ಪ್ರಾಂತದ 1947ರ ಕಾಯಿದೆಯು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿಗೂ, ಮದರಾಸಿನ 1949ರ ಕಾಯಿದೆಯು ಮಂಗಳೂರು, ಬಳ್ಳಾರಿಗಳಿಗೂ ಅನ್ವಯಿಸಿದ್ದವು. 1955ರ ಮೇ 18ರಂದು ಜಾರಿಗೆ ಬಂದ ಹಿಂದೂ ವಿವಾಹ ಕಾಯಿದೆಯು ಇವುಗಳ ಸ್ಥಾನವನ್ನು ತೆಗೆದುಕೊಂಡಿತು. ವೀರಶೈವರು, ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಇವರೆಲ್ಲರಿಗೂ ಅದೇ ಕಾಯಿದೆ. ಕ್ರೈಸ್ತರಿಗೂ ಮುಸಲ್ಮಾನರಿಗೂ ವಿಶೇಷ ವಿವಾಹ ಮಾಡಿಕೊಂಡವರಿಗೂ ಬೇರೆ ಶಾಸನಗಳಿವೆ. ಅವುಗಳ ವಿಚಾರ ಇಲ್ಲಿ ಬೇಡ.

ಆ ಕಾಯಿದೆಯ 29ನೆಯ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿಕೊಟ್ಟಿದೆಯೆಂಬುದು ನಿಜ. ಪಂಚರೂ ಪತ್ರಬರಹಗಾರರೂ ಇದನ್ನೇ ಮುಂದಿಡುತ್ತಾರೆ. ಆದರೆ ರೂಢಿಯಿದೆಯೆಂದು ಬಾಯಿಂದ ಹೇಳಿದರೆ ಸಾಲದು. ಅದು ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಎಡೆಬಿಡದೆ ನಡೆದುಬಂದುದೆಂದು ನ್ಯಾಯಸ್ಥಾನದಲ್ಲಿ ಸ್ಪಷ್ಟವಾಗಿ ವಾದಿಸಿ, ಸಾಕ್ಷ್ಯದಿಂದ ಸ್ಥಾಪಿಸಬೇಕು. 2002ರಲ್ಲಿ ಸುಪ್ರೀಮ್ ಕೋರ್ಟು ಇದನ್ನೇ ಒತ್ತಿ ಹೇಳಿದೆ. ಸ್ಥಾಪಿತವಾಗದಿದ್ದರೆ ಬಿಡುಗಡೆ ಪತ್ರವು ಬರಿಯ ಕಾಗದ. ಮೊದಲನೆಯ ವಿವಾಹವು ಹಾಗೆಯೇ ಉಳಿದಿರುವುದರಿಂದ ಎರಡನೆಯದು ಅಸಿಂಧುವಾಗುವುದಲ್ಲದೆ, ಅಪರಾಧವೂ ಆಗುತ್ತದೆ. ಹಿಂದಿನ ದಂಡಸಂಹಿತೆಯ 494ನೆಯ ಕಲಮಿನಂತೆ ಇದ್ದ ಏಳು ವರ್ಷಗಳವರೆಗಿನ ಕಾರಾಗೃಹವಾಸವು, 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯಸಂಹಿತೆಯ 82ನೆಯ ಕಲಮಿನಲ್ಲಿಯೂ ಇದೆ. ಶಿಕ್ಷೆಯ ಮಾತು ಹಾಗಿರಲಿ. ಹೀಗೆ ಮದುವೆಯಾಗಿ ಇಪ್ಪತ್ತು ವರ್ಷ ಸಂಸಾರ ಮಾಡಿದವಳು, ಗಂಡನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗಾಗಿ ಕಚೇರಿಗೆ ಹೋದಾಗ, ತಾನು ಶಾಸನದ ಕಣ್ಣಿಗೆ ಹೆಂಡತಿಯೇ ಅಲ್ಲವೆಂಬುದನ್ನು ಗುಮಾಸ್ತೆಯ ಬಾಯಿಂದ ಕೇಳಬೇಕಾಗುತ್ತದೆ. ಮಕ್ಕಳನ್ನಾದರೂ 16ನೆಯ ಕಲಮು ಔರಸರೆಂದು ಕಾಪಾಡಿದೆ. ತಾಯಿಗೆ ಆ ಆಸರೆಯಿಲ್ಲ.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಜನರು ಭಾವಿಸಿರುವಷ್ಟು ಅದು ದುರ್ಗಮವಲ್ಲ. ಕುಟುಂಬ ನ್ಯಾಯಾಲಯವಿರುವಲ್ಲಿ ಅದಕ್ಕೆ, ಇಲ್ಲದಲ್ಲಿ ಅಧಿಕಾರವುಳ್ಳ ಸಿವಿಲ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ವಿವಾಹ ನಡೆದ ಸ್ಥಳ, ದಂಪತಿಗಳು ಕಡೆಯದಾಗಿ ಕೂಡಿ ಬಾಳಿದ ಸ್ಥಳ, ಎದುರುಕಕ್ಷಿ ವಾಸಿಸುವ ಸ್ಥಳ ಇವುಗಳಲ್ಲಿ ಎಲ್ಲಿಯಾದರೂ ಆಗಬಹುದು. 2003ರ ತಿದ್ದುಪಡಿಯ ಮೇಲೆ ಪತ್ನಿಯು ತಾನಿರುವ ಊರಿನಲ್ಲಿಯೇ ಅರ್ಜಿ ಕೊಡಬಹುದು. ತವರಿಗೆ ಮರಳಿದವಳಿಗೆ ಇದು ಸಣ್ಣ ಉಪಕಾರವಲ್ಲ. ವಿವಾಹವಾಗಿ ಒಂದು ವರ್ಷ ಕಳೆಯುವ ಮುನ್ನ, ಅಸಾಧಾರಣ ಕಷ್ಟದ ಹೊರತು, ಅರ್ಜಿಯನ್ನು ವಿಚಾರಿಸುವುದಿಲ್ಲ. ಕ್ರೌರ್ಯ, ವ್ಯಭಿಚಾರ, ಎರಡು ವರ್ಷಗಳ ಪರಿತ್ಯಾಗ, ಮತಾಂತರ, ಏಳು ವರ್ಷ ಸುಳಿವಿಲ್ಲದಿರುವುದು ಮೊದಲಾದವು ಕಾರಣಗಳು. ಕುಷ್ಠರೋಗವೂ ಈ ಪಟ್ಟಿಯಲ್ಲಿತ್ತು. 2019ರಲ್ಲಿ ಅದನ್ನು ತೆಗೆದುಹಾಕಿದ್ದು ಸಭ್ಯತೆಗೆ ತಕ್ಕ ಕಾರ್ಯ.

ಒಬ್ಬರ ಮೇಲೊಬ್ಬರು ದೋಷಾರೋಪ ಮಾಡಲಿಚ್ಛಿಸದವರಿಗೆ 1976ರಲ್ಲಿ ಪರಸ್ಪರ ಸಮ್ಮತಿಯ ದಾರಿ ತೆರೆಯಿತು. ಒಂದು ವರ್ಷ ಬೇರೆಯಾಗಿದ್ದವರು ಕೂಡಿಯೇ ಅರ್ಜಿ ಕೊಟ್ಟು, ಆರು ತಿಂಗಳ ಮೇಲೆ, ಹದಿನೆಂಟು ತಿಂಗಳ ಒಳಗೆ, ಮತ್ತೊಮ್ಮೆ ನ್ಯಾಯಾಧೀಶರ ಮುಂದೆ ಬಿನ್ನವಿಸಿಕೊಳ್ಳಬೇಕು. ಜೀವನಾಂಶವೂ ಮಕ್ಕಳ ವಿಷಯವೂ ಇತ್ಯರ್ಥವಾಗಿ, ಸಂಧಾನವು ವಿಫಲವಾಗಿ, ಕಾಯಿಸುವುದರಿಂದ ಸಂಕಟವಷ್ಟೇ ಬೆಳೆಯುವಂತಿದ್ದರೆ ಆ ಆರು ತಿಂಗಳನ್ನು ಬಿಟ್ಟುಕೊಡಬಹುದೆಂದು 2017ರಲ್ಲಿ ಸುಪ್ರೀಮ್ ಕೋರ್ಟು ತೀರ್ಮಾನಿಸಿತು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಒಡವೆಯನ್ನೂ ಜೀವನಾಂಶವನ್ನೂ ಬಿಟ್ಟುಕೊಟ್ಟೆನೆಂದು ಹೆಣ್ಣಿನಿಂದ ಬರೆಯಿಸಿಕೊಂಡು ತಂದ ‘ಸಮ್ಮತಿ’ಗಳಿಗೆ ಕೊರತೆಯಿಲ್ಲ. ಡಿಕ್ರಿಯಾಗುವವರೆಗೆ ಸಮ್ಮತಿಯನ್ನು ಹಿಂತೆಗೆದುಕೊಳ್ಳುವ ಹಕ್ಕು ಉಂಟೆಂದು 1991ರ ತೀರ್ಪು ಹೇಳಿರುವುದನ್ನು ಅವಳಿಗೆ ತಿಳಿಸುವವರು ಯಾರು? ಸ್ತ್ರೀಗೆ ಆದಾಯವೆಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯಿದೆಯ ಮೇರೆಗೆ ವಕೀಲರ ಸಹಾಯವು ಉಚಿತ. ಈ ಸಂಗತಿಯನ್ನು ಪ್ರತಿಯೊಂದು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಲು ಸರ್ಕಾರಕ್ಕೆ ಎಷ್ಟು ಖರ್ಚಾದೀತು?

ಮೊಕದ್ದಮೆಯ ಕಾಲದ ಜೀವನಾಂಶದ ಅರ್ಜಿಯನ್ನು ನೋಟೀಸು ತಲುಪಿದ 60 ದಿನಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ತೀರಿಸಬೇಕೆಂದು 24ನೆಯ ಕಲಮು ಹೇಳುತ್ತದೆ. ಉಭಯಪಕ್ಷದವರೂ ಆಸ್ತಿ ಆದಾಯಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ, ಜೀವನಾಂಶವು ಅರ್ಜಿಯ ದಿನದಿಂದಲೇ ಸಲ್ಲಬೇಕೆಂದೂ 2020ರಲ್ಲಿ ಸುಪ್ರೀಮ್ ಕೋರ್ಟು ವಿಧಿಸಿತು. ಇಡೀ ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂಬುದೂ ಕಾಯಿದೆಯ ಅಕ್ಷರವೇ. ಈ ಅಕ್ಷರಗಳು ಆಚರಣೆಗೆ ಬಂದಿದ್ದರೆ ಛಾಪಾಕಾಗದದ ಅಂಗಡಿಗೆ ಜನರು ಹೋಗುತ್ತಿದ್ದರೇ? ಮುದ್ದತಿನ ಮೇಲೆ ಮುದ್ದತು ಕೊಡುವ ನ್ಯಾಯಸ್ಥಾನವೇ ಪಂಚರಿಗೆ ಕಕ್ಷಿಗಾರರನ್ನು ಕಳುಹಿಸಿಕೊಡುತ್ತಿದೆಯೆಂದರೆ ಕಠಿನವಾದೀತು, ಆದರೆ ಸುಳ್ಳಾಗದು.

ಅಧಿಕಾರಿಗಳಿಗೂ ಇಲ್ಲಿ ಹೊಣೆಯುಂಟು. ವಿಚ್ಛೇದನ ಪತ್ರಕ್ಕೆ ಮುದ್ರೆಯೊತ್ತುವುದು ನೋಟರಿಗಳ ಅಧಿಕಾರದಲ್ಲಿಲ್ಲವೆಂದು ಕೇಂದ್ರ ಕಾನೂನು ಇಲಾಖೆಯು 2024ರಲ್ಲಿ ಎಚ್ಚರಿಸಿದೆ. ಸೇವಾಪುಸ್ತಕದಲ್ಲಿ ಪತ್ನಿಯ ಹೆಸರನ್ನು ಬದಲಿಸಿರೆಂದು ನೌಕರನು ಬಿಡುಗಡೆ ಪತ್ರ ತಂದಾಗ, ನ್ಯಾಯಸ್ಥಾನದ ಡಿಕ್ರಿಯನ್ನು ತೋರಿಸೆಂದು ಕೇಳಲು ಮೇಲಧಿಕಾರಿಯು ಸಂಕೋಚಪಡಬೇಕಾದುದಿಲ್ಲ. ಡಿಕ್ರಿಯ ಪ್ರತಿಯನ್ನು ಉಭಯರಿಗೂ ಶುಲ್ಕವಿಲ್ಲದೆ ಕೊಡತಕ್ಕದ್ದೆಂದು ಕಾಯಿದೆಯೇ ಹೇಳಿರುವಾಗ, ಅದು ತನ್ನಲ್ಲಿಲ್ಲವೆನ್ನುವವನ ಮಾತನ್ನು ಸಂಶಯದಿಂದಲೇ ಕೇಳಬೇಕು. ಡಿಕ್ರಿ ಕೈಗೆ ಬಂದ ಮರುದಿನವೇ ಮರುಮದುವೆಯ ಲಗ್ನಪತ್ರಿಕೆ ಅಚ್ಚುಹಾಕಿಸುವವರಿಗೂ ಒಂದು ಮಾತು: ಅಪೀಲಿಗೆ 90 ದಿನಗಳ ಅವಧಿಯಿದೆ. ಅದು ಕಳೆಯುವವರೆಗೆ, ಅಪೀಲಾಗಿದ್ದರೆ ಅದು ವಜಾ ಆಗುವವರೆಗೆ, ಮರುಮದುವೆಗೆ 15ನೆಯ ಕಲಮಿನ ಅನುಮತಿಯಿಲ್ಲ.